ಪ್ಯಾನಿನ ನೆತ್ತಿಯ ಪ್ಯಾಡ್: ಸಾಂಗ್ಲಿ ಸೀಮೆಯ ಸಕ್ಕರೆ ಯಂತ್ರಗಳ ಬಗೆಗಿನ ಒಂದು ತಪ್ಪು ಓದು

ಹಳೆಯ ವ್ಯಾಕ್ಯೂಮ್ ಪ್ಯಾನಿನ ನೆತ್ತಿಯಲ್ಲಿ, ಆವಿ ಹೊರಡುವ ನಾಜಲ್ಲಿನ ಬುಡಕ್ಕೆ ಬಲವರ್ಧಕ ಪ್ಯಾಡ್ ಕಂಡರೆ ಸಾಕು, ಅದನ್ನು ಬಾಯ್ಲರ್ ಕಾಯಿದೆಯ ಕೂಸೆಂದು ಬರೆದುಬಿಡುವವರಿದ್ದಾರೆ. ಕಾಲ, ಕಾನೂನು ಎರಡೂ ಇದಕ್ಕೆ ಒಪ್ಪುವುದಿಲ್ಲ. 1923ರ ಕಾಯಿದೆಯ ಗಮನವಿದ್ದದ್ದು ಹಬೆ ಹುಟ್ಟಿಸುವ ಪಾತ್ರೆಗಳ ಮೇಲೆ. ಪ್ಯಾನ್ ಬೇರೆಡೆಯಿಂದ ಬಂದ ಹಬೆಯಲ್ಲಿ ಕಬ್ಬಿನ ಪಾಕ ಕುದಿಸುವ ಪಾತ್ರೆ. ಸಾಂಗ್ಲಿ, ಮಿರಜಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಬ್ರಿಟಿಷ್ ಇಂಡಿಯಾದ ಕಾಯಿದೆ ಅಲ್ಲಿ ತಾನಾಗಿಯೇ ಜಾರಿಯಾಗುವಂತಿರಲಿಲ್ಲ. ಸಾಂಗ್ಲಿಯಲ್ಲಿ ಕಚೇರಿ, ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಕಾರ್ಖಾನೆ ಇರುವ ಉಗಾರ್ ಶುಗರ್ ವರ್ಕ್ಸ್ ಹುಟ್ಟಿದ್ದು 1939ರಲ್ಲಿ. ಬೆಂಕಿ ಕಾಣದ ಒತ್ತಡದ ಪಾತ್ರೆಗಳಿಗೆ ಭಾರತೀಯ ಮಾನಕ ಐಎಸ್ 2825 ಬಂದದ್ದು 1969ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ.

ಆದರೆ ನನ್ನ ತಕರಾರಿನ ತಿರುಳು ತಾರೀಖುಗಳಲ್ಲಿಲ್ಲ, ಲೋಹದ ಲೆಕ್ಕದಲ್ಲಿದೆ. ಬಾಯ್ಲರಿನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ತಗಡಿನಲ್ಲಿ ಕಿಂಡಿ ಕೊರೆದಾಗ ಎಷ್ಟು ಅಡ್ಡಕೊಯ್ತದ ಲೋಹ ಹೋಯಿತೋ ಅಷ್ಟನ್ನು ಅದರ ಆಸುಪಾಸಿನಲ್ಲೇ ತುಂಬಿಕೊಡಬೇಕೆಂಬುದು ಕ್ಷೇತ್ರ ಭರ್ತಿಯ ನಿಯಮ. ಪ್ಯಾನಿನಲ್ಲಿ ಇದು ತಲೆಕೆಳಗು: ಒಳಗೆ ನಿರ್ವಾತ, ಹೊರಗೆ ವಾಯುಭಾರ, ಅದೂ ಚದರ ಸೆಂಟಿಮೀಟರಿಗೆ ಒಂದು ಕಿಲೋಗೂ ಕಡಿಮೆ. ಇಲ್ಲಿ ಭಯ ಸಿಡಿಯುವುದರದ್ದಲ್ಲ, ನಗ್ಗುವುದರದ್ದು. ನಗ್ಗದಿರಲೆಂದೇ ತಗಡು ದಪ್ಪಗಿರುವುದರಿಂದ ಅದರೊಳಗಿನ ಪ್ರತಿಬಲ ಕಡಿಮೆಯೇ ಇರುತ್ತದೆ. ಆದ್ದರಿಂದಲೇ ಅಮೆರಿಕದ ಎಎಸ್‌ಎಂಇ ಸಂಹಿತೆ ಹೊರ ಒತ್ತಡದ ಪಾತ್ರೆಗೆ ಅರ್ಧದಷ್ಟು ಭರ್ತಿ ಸಾಕೆನ್ನುತ್ತದೆ. 600 ಮಿಲಿಮೀಟರ್ ವ್ಯಾಸದ ಕಿಂಡಿ, ಹೆಡ್ಡಿಗೆ, ಅಂದರೆ ನೆತ್ತಿಯ ತಗಡಿಗೆ, ಬೇಕಾದ ದಪ್ಪ 10 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಳ ಒತ್ತಡವಾದರೆ 6,000 ಚದರ ಮಿಲಿಮೀಟರ್ ಬೇಕು, ಹೊರ ಒತ್ತಡಕ್ಕೆ 3,000. ಸವಕಳಿಯ ಪಾಲು ಕಳೆದು ತಗಡು 15 ಮಿಲಿಮೀಟರ್ ಉಳಿದರೆ, ಕಿಂಡಿಯ ಎರಡೂ ಬದಿಯ ಹೆಚ್ಚುವರಿ ದಪ್ಪವೇ ಆ 3,000 ತುಂಬಿಕೊಡುತ್ತದೆ. ನಾಜಲ್ಲಿನ ಗೋಡೆಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಪ್ಯಾಡ್ ಅನಗತ್ಯ!

ಹಾಗಿದ್ದೂ ಪ್ಯಾಡ್ ಇದ್ದರೆ ಅದರ ಕಾರಣವನ್ನು ಪಾತ್ರೆಯ ಹೊರಗೆ ಹುಡುಕಬೇಕು. ಕಂಡೆನ್ಸರಿನತ್ತ ಹೋಗುವ ದಪ್ಪ ಆವಿ ಕೊಳವೆಯ ತೂಕ, ಬಿಸಿಗೆ ಅದು ಹಿಗ್ಗಿದಾಗಿನ ತಳ್ಳಾಟ ಎರಡೂ ನಾಜಲ್ಲಿನ ಬುಡಕ್ಕೇ ಬರುತ್ತವೆ. ಕ್ಷೇತ್ರ ಭರ್ತಿಯ ಲೆಕ್ಕದಲ್ಲಿ ಈ ಹೊರೆಗೆ ಜಾಗವೇ ಇಲ್ಲ; ಅದನ್ನು ಬೇರೆಯಾಗಿಯೇ ಎಣಿಸಬೇಕು. ಬಾಯ್ಲರ್ ಕಟ್ಟಿ ಪಳಗಿದ ಕೈ ಅಭ್ಯಾಸಬಲದಿಂದ ಪ್ಯಾಡ್ ಹಾಕಿರಬಹುದಲ್ಲ ಎಂಬ ಆಕ್ಷೇಪವುಂಟು. ಇರಬಹುದು. ಆದರೆ ಅಭ್ಯಾಸಕ್ಕೆ ಆಯ್ಕೆ ಗೊತ್ತಿಲ್ಲ: ಅದೇ ಹೆಡ್ಡಿನಲ್ಲಿ ಕೊಳವೆಯ ಭಾರವಿಲ್ಲದ ದೊಡ್ಡ ಕಿಂಡಿಗೂ, ಮ್ಯಾನ್‌ಹೋಲಿಗೂ, ಅಂಥದೇ ಪ್ಯಾಡ್ ಇದ್ದರೆ ಮಾತ್ರ ಈ ವಾದ ನಿಂತೀತು. ಆವಿ ನಾಜಲ್ಲಿಗಷ್ಟೇ ಇದ್ದರೆ ಬಿದ್ದುಹೋಗುತ್ತದೆ.

ಪ್ಯಾಡಿನಲ್ಲಿ ಕೊರೆದ ಸಣ್ಣ ರಂಧ್ರವನ್ನೂ ಕೆಲವರು ಬಾಯ್ಲರ್ ಪರಂಪರೆಯ ಸಾಕ್ಷಿಯಾಗಿ ಎಳೆತರುತ್ತಾರೆ. ವೆಲ್ಡಿಂಗಿನ ಅನಿಲ ಹೊರಹೋಗಲು, ಗಾಳಿ ತುಂಬಿ ಸೋಪಿನ ನೀರಿನಿಂದ ಬೆಸುಗೆ ಪರೀಕ್ಷಿಸಲು ಅದು ಬೇಕು. ಒಳ ಒತ್ತಡದ ಪಾತ್ರೆ, ನಿರ್ವಾತದ ಪಾತ್ರೆ ಎಂಬ ಭೇದ ಅದಕ್ಕಿಲ್ಲ. (ವ್ಯತ್ಯಾಸವಿರುವುದು ಬೆಸುಗೆ ಸೋರಿದಾಗ: ಅಲ್ಲಿ ರಂಧ್ರದಿಂದ ಒಳಗಿನದು ಹೊರಬರುತ್ತದೆ, ಇಲ್ಲಿ ಹೊರಗಿನ ಗಾಳಿ ಒಳನುಗ್ಗಿ ನಿರ್ವಾತ ಇಳಿಯುತ್ತದೆ. ಪ್ಯಾನ್ ನಡೆಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.) ಪ್ಯಾಡ್ ಇದೆ, ರಂಧ್ರವಿದೆ ಎಂಬಷ್ಟರಿಂದ ಬಾಯ್ಲರ್ ವಂಶಾವಳಿ ಸಿದ್ಧವಾಗುವುದಿಲ್ಲ. ಈ ಸೀಮೆಯ ಸಕ್ಕರೆ ಯಂತ್ರಗಳ ಚರಿತ್ರೆ ಬರೆಯುವವರು ಪ್ಯಾನಿನ ನಕ್ಷೆಯೊಂದನ್ನೇ ನೆಚ್ಚದೆ, ಆವಿ ಕೊಳವೆಗೆ ಆಧಾರಗಳನ್ನು ಎಲ್ಲೆಲ್ಲಿ ಕೊಟ್ಟಿದ್ದರೆಂಬ ನಕ್ಷೆಯನ್ನೂ ಪಕ್ಕಕ್ಕಿಟ್ಟುಕೊಂಡು ಓದಬೇಕು.