ಅರಸನ ದಂಡ, ಅರಸನಿಗೆ ದಂಡ

ಹಾಲು ಉಕ್ಕಿ ಒಲೆಯ ಪಾಲಾದಾಗಲೆಲ್ಲ ನಮ್ಮಜ್ಜಿ 'ಅಯ್ಯೋ, ಎಲ್ಲಾ ದಂಡವಾಯ್ತಲ್ಲೋ' ಅನ್ನುತ್ತಿದ್ದರು. ಅದೇ ಪದ ತಾಲ್ಲೂಕು ಕಚೇರಿಯ ಬಾಗಿಲ ಮೇಲೆ 'ತಹಶೀಲ್ದಾರರು ಹಾಗೂ ತಾಲ್ಲೂಕು ದಂಡಾಧಿಕಾರಿಗಳು' ಎಂದು ಹಲಗೆಯೇರಿ ಕೂತದ್ದನ್ನು ಮೊದಲ ಸಲ ಓದಿದ ದಿನ, ಚೆಲ್ಲಿದ ಹಾಲಿಗೂ ಈ ಅಧಿಕಾರಿಗೂ ಏನು ನಂಟು ಎಂದು ನನಗೆ ಹತ್ತಿದ ಕುತೂಹಲ ಇವತ್ತಿಗೂ ಪೂರ್ತಿ ಆರಿಲ್ಲ. ಪದಗಳ ಬೆನ್ನು ಹತ್ತುವ ನಮ್ಮಂಥವರಿಗೆ ದಂಡದಷ್ಟು ಕವಲೊಡೆದ ಮರ ಸಿಕ್ಕುವುದು ಅಪರೂಪ.

ಸಂಸ್ಕೃತದಲ್ಲಿ ದಂಡಕ್ಕೆ ಮೊದಲ ಅರ್ಥ ಕೋಲು, ಅಷ್ಟೇ. ಈ ಕೋಲು ಅಲ್ಲಿಗೆ ಎಲ್ಲಿಂದ ಬಂತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ; ನಮ್ಮ ದಂಟಿನ ಸೊಪ್ಪಿನ ದಂಟನ್ನೂ ತಮಿಳಿನ ತಂಡುವನ್ನೂ ಮುಂದಿಟ್ಟು ಇದು ದ್ರಾವಿಡದ ಕೊಡುಗೆಯೆನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಬೇರು ಎಲ್ಲೇ ಇರಲಿ, ಕೊಂಬೆಗಳಂತೂ ನಮ್ಮ ಅಂಗಳದಲ್ಲೇ ಹರಡಿವೆ: ಬಾವುಟ ಹೊತ್ತ ಧ್ವಜದಂಡ, ಸಂನ್ಯಾಸಿಯ ಕೈಯ ದಂಡ, ಬೆನ್ನೊಳಗಿನ ಮೇರುದಂಡ, ವೀಣೆಯ ದಂಡಿಗೆ, ಅದೇ ಹೆಸರಿನ ಪಲ್ಲಕ್ಕಿ, ಕೋಲು ಬಿದ್ದಂತೆ ನೆಲಕ್ಕೆ ಮೈಚಾಚುವ ದೀರ್ಘದಂಡ ನಮಸ್ಕಾರ, ಶ್ಲೋಕದ ಕೊನೆಗೆ ನಿಲ್ಲಿಸುವ ನೆಟ್ಟಗೆರೆ, ಹುಡುಗರ ಚಿನ್ನಿದಾಂಡು, ಆ ದಾಂಡಿನಿಂದ ಕ್ರಿಕೆಟ್ ವರದಿಗಾರರು ಕಟ್ಟಿಕೊಂಡ ದಾಂಡಿಗ.

ಕೋಲು ಹಿಡಿದವನ ಬಲವೇ ಕೋಲಿನ ಹೆಸರಾದದ್ದು ಮುಂದಿನ ಹೆಜ್ಜೆ. ದಂಡ ಸೈನ್ಯವಾಯಿತು, ಕನ್ನಡದ ಬಾಯಲ್ಲಿ ದಂಡಾಯಿತು. ಬ್ರಿಟಿಷರು 1809ರಲ್ಲಿ ಬೀಡುಬಿಟ್ಟ ಜಾಗ ಬೆಂಗಳೂರು ದಂಡಾಗಿ ರೈಲು ನಿಲ್ದಾಣದ ಹೆಸರಿನಲ್ಲಿ ಉಳಿಯಿತು. ಹೊಯ್ಸಳ ವಿಷ್ಣುವರ್ಧನನ ಗಂಗರಾಜನನ್ನು ಶಾಸನಗಳು ದಂಡನಾಯಕನೆಂದು ಹೊಗಳಿದರೆ, ಮುಂದೆ ಆ ಪದ ಸವೆದು ದಣ್ಣಾಯಕವಾಗಿ ಹಂಪೆಯ ಒಂದು ಆವರಣಕ್ಕೂ ಅಂಟಿಕೊಂಡಿದೆ. ಸಾಮ, ದಾನ, ಭೇದಗಳ ಕೊನೆಗೆ ನಿಂತ ದಂಡ ಇದೇ. ಹೊಡೆತ ಶಿಕ್ಷೆಯಾಗಿ, ಶಿಕ್ಷೆ ತೆರಬೇಕಾದ ಹಣವಾಗಿ, ತೆತ್ತ ಹಣ ನಷ್ಟವಾಗಿ, ನಷ್ಟ ವ್ಯರ್ಥವಾಗಿ ಕೊನೆಗೆ ಅಜ್ಜಿಯ ಒಲೆಯ ಮುಂದೆ ಬಂದು ನಿಂತಿತು.

ಇಷ್ಟರಲ್ಲಿ ನಾವು ಮರೆಯಬಾರದ ಒಂದು ಅರ್ಥವಿದೆ. ದಂಡ ಅಳತೆಯೂ ಹೌದು: ನಾಲ್ಕು ಮೊಳ ಸೇರಿದರೆ ಒಂದು ದಂಡ. ನಮ್ಮ ಕೋಲಿಗೂ ಈ ಗುಣವಿದೆ, ಅಳತೆಗೋಲು ಎನ್ನುತ್ತೇವಲ್ಲ. ಹೊಡೆಯುವ ಕೋಲೇ ಅಳೆಯುವ ಕೋಲೂ ಆಗಿರುವ ಈ ಮಾತಿನ ಒಳಗನ್ನು ಕೌಟಿಲ್ಯ ಬಲ್ಲವನಾಗಿದ್ದನೆಂದೇ ನನಗನಿಸುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಅರ್ಥಶಾಸ್ತ್ರದಲ್ಲಿ, ತೀಕ್ಷ್ಣದಂಡನಿಗೆ ಜನ ತಲ್ಲಣಿಸುತ್ತಾರೆ, ಮೃದುದಂಡನನ್ನು ಕಡೆಗಣಿಸುತ್ತಾರೆ, ಯಥಾರ್ಹದಂಡನಿಗಷ್ಟೇ ಮನ್ನಣೆ ಎಂಬ ಎಣಿಕೆ ಬರುತ್ತದೆ. ತಕ್ಕಷ್ಟು ಎನ್ನುವ ಆ ಯಥಾರ್ಹದಲ್ಲಿ ಅಳತೆಯ ಕೋಲು ಅಡಗಿದೆ. ಅದಕ್ಕಿಂತ ದೊಡ್ಡ ಮಾತು ನಾಲ್ಕನೆಯ ಅಧಿಕರಣದ ಕೊನೆಯಲ್ಲಿದೆ: ದಂಡಕ್ಕೆ ಅರ್ಹನಲ್ಲದವನನ್ನು ದಂಡಿಸಿದರೆ ಅರಸನೇ ಮೂವತ್ತು ಪಟ್ಟು ದಂಡ ತೆರಬೇಕು, ಆ ಹಣವನ್ನು ವರುಣನ ಹೆಸರಲ್ಲಿ ನೀರಿಗಿಟ್ಟು, ಬಳಿಕ ಬ್ರಾಹ್ಮಣರಿಗೆ ಕೊಡಬೇಕು. ತಪ್ಪಿ ನಡೆದ ಅರಸರನ್ನು ಹಿಡಿದು ನಿಲ್ಲಿಸುವವನು ವರುಣ. ಪೆಟ್ಟು ತಿಂದವನ ಮನೆಗೆ ಅದರಲ್ಲಿ ಬಿಡಿಗಾಸೂ ಸೇರದೆಂಬುದು ನನ್ನನ್ನು ಈಗಲೂ ಕಾಡುತ್ತದೆ. ಆದರೂ ಕೋಲು ಬೀಸಿದವನೇ ಲೆಕ್ಕ ಒಪ್ಪಿಸಬೇಕೆಂಬುದನ್ನು ಒಂದೇ ಪದದ ಎರಡು ಅರ್ಥಗಳಿಂದ ಹೇಳಿಬಿಟ್ಟ ಆ ಜಾಣ್ಮೆಗೆ ತಲೆದೂಗುತ್ತೇನೆ.

ಇವತ್ತಿನ ಪೊಲೀಸರ ಕೈಯಲ್ಲಿರುವುದು ದಂಡವಲ್ಲ, ಲಾಠಿ. ಸಂಸ್ಕೃತದ ಯಷ್ಟಿ ಪ್ರಾಕೃತದಲ್ಲಿ ಲಟ್ಠಿಯಾಗಿ, ಹಿಂದಿಯಲ್ಲಿ ಲಾಠಿಯಾಗಿ ನಮ್ಮಲ್ಲಿಗೆ ಬಂದ ಈ ಪದ ದಂಡದ ಮನೆಯನ್ನು ಎರಡು ಪಾಲು ಮಾಡಿತು. ಕೋಲಿನ ಅರ್ಥ ಲಾಠಿಗೆ ಹೋಯಿತು, ತೆರುವ ಅರ್ಥ ಮಾತ್ರ ದಂಡದಲ್ಲಿ ಉಳಿಯಿತು. ಹೆಲ್ಮೆಟ್ ಹಾಕದ್ದಕ್ಕೆ ದಂಡ, ಸಿಗ್ನಲ್ ದಾಟಿದ್ದಕ್ಕೆ ದಂಡ. ಬೀಸುವುದು ಅವರ ಪಾಲಿಗೆ, ತೆರುವುದು ನಮ್ಮ ಪಾಲಿಗೆ. ಲಾಠಿಯೆಂಬ ಪದದಲ್ಲಿ ಅಳತೆಯ ನೆನಪೂ ಇಲ್ಲ, ಋಣದ ನೆನಪೂ ಇಲ್ಲ.

ಅಳತೆಯ ಕೊರತೆ ತುಂಬಲೋ ಏನೋ, ಪತ್ರಿಕೆಗಳು 'ಲಘು ಲಾಠಿ ಪ್ರಹಾರ' ಎಂಬ ಸಮಾಸವನ್ನು ರೂಢಿಗೆ ತಂದಿವೆ. ಛಂದಸ್ಸು ಕಲಿತ ನಮಗೆ ಲಘುವೆಂದರೆ ಒಂದು ಮಾತ್ರೆ, ಗುರುವೆಂದರೆ ಎರಡು, ಎಣಿಸಬಹುದಾದದ್ದೇ ಲಘು. ಈ ಸಮಾಸದ ಲಘುವನ್ನು ಎಣಿಸಿದವರು ಯಾರು? ಮೊಣಕೈ ಮುರಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಎಕ್ಸ್‌ರೇಗೆ ಕಾದು ಕೂತವನ ಬಾಯಲ್ಲಿ ಈ ವಿಶೇಷಣ ಬರುವುದಿಲ್ಲ. ಹೊಡೆದವರು ಹೇಳಿದ್ದನ್ನು ಬರೆದುಕೊಂಡವರು ನಮಗೆ ದಾಟಿಸಿದ ಮಾತು ಅದು. 'ಲಾಠಿ ಬೀಸಿದರು' ಎಂದರೂ ಕೋಲು ಗಾಳಿಯಲ್ಲೇ ಆಡಿದಂತೆ ಕೇಳುತ್ತದೆ, ಮೈಗೆ ತಾಗಿದಂತಲ್ಲ.

ಕಾನೂನಿನ ಹೆಸರುಗಳಲ್ಲೂ ದಂಡ ಜಾಗ ಬಿಟ್ಟಿದೆ. 1860ರ ಕಾಯ್ದೆಗೆ ನಾವು ಕೊಟ್ಟ ಭಾರತೀಯ ದಂಡ ಸಂಹಿತೆ ಎಂಬ ಹೆಸರೂ ಅದರ ಜೊತೆಯ ದಂಡ ಪ್ರಕ್ರಿಯಾ ಸಂಹಿತೆ ಎಂಬುದೂ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೆ ದಾರಿ ಬಿಟ್ಟವು. ಹೆಸರು ಬದಲಾದರೂ ಒಂದು ಹಳೆಯ ಕಟ್ಟು ಹಾಗೆಯೇ ಇದೆ: ಅಕ್ರಮ ಕೂಟ ಚದುರಿಸುವಾಗ ಪೊಲೀಸರು ಮಾಡಿದ್ದಕ್ಕೆ ಅವರ ಮೇಲೆ ಮೊಕದ್ದಮೆ ಹೂಡಬೇಕಾದರೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ವರುಣ ಅನುಮತಿಗೆ ಕಾಯುತ್ತಿರಲಿಲ್ಲ.

ಆದರೂ ತೆರುವ ಅರ್ಥ ಒಮ್ಮೊಮ್ಮೆ ಕೋಲಿನ ಕಡೆಗೇ ತಿರುಗಿದೆ. ಒಡಿಶಾದಲ್ಲಿ ಪೊಲೀಸರು ಕರೆದೊಯ್ದ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಾಗ ನೀಲಾವತಿ ಬೆಹೆರಾ ಎಂಬ ತಾಯಿ ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ನ್ಯಾಯಾಲಯ ಅದನ್ನೇ ಅರ್ಜಿಯೆಂದು ಎತ್ತಿಕೊಂಡು 1993ರಲ್ಲಿ ಆಕೆಗೆ 1,50,000 ರೂಪಾಯಿ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಅದು ನೀರಿಗೆ ಹೋಗದೆ ತಾಯಿಗೇ ಸಲ್ಲಬೇಕಾದ ಹಣ. ತೀರ್ಪಿನ ಭಾಷೆಯಲ್ಲಿ ಅದಕ್ಕೆ ಪರಿಹಾರವೆಂದು ಹೆಸರು. ಬೊಕ್ಕಸದಿಂದ ಬರುವ ಅಂಥ ಹಣ ಕೊನೆಗೆ ನಮ್ಮೆಲ್ಲರ ತೆರಿಗೆಯದೇ, ಅಜ್ಜಿಯ ಅರ್ಥದ ದಂಡ.

ಕೌಟಿಲ್ಯನ ಆ ಸಾಲಿನಲ್ಲಿ ಅರಸ ಷಷ್ಠೀ ವಿಭಕ್ತಿಯಲ್ಲಿದ್ದಾನೆ. ಅರಸ ಬೀಸುವ ದಂಡವೋ ಅರಸ ತೆರುವ ದಂಡವೋ ಎಂಬುದನ್ನು ಸಂದರ್ಭ ನೋಡಿಯೇ ಬಿಡಿಸಬೇಕು. ಕನ್ನಡಕ್ಕೆ ತರುವಾಗ ನಾವು ಆರಿಸಿಕೊಳ್ಳಲೇಬೇಕು: 'ಅರಸನ' ಎನ್ನುವಂತಿಲ್ಲ, 'ಅರಸನಿಗೆ' ಎಂದು ಚತುರ್ಥಿಗೆ ತಿರುಗಿಸಬೇಕು. ಬೆಳಗಿನ ಪತ್ರಿಕೆಯಲ್ಲಿ ಲಾಠಿಯ ಸುದ್ದಿ ಕಂಡಾಗಲೆಲ್ಲ ನಾನು ಕೊನೆಯ ಸಾಲಿನವರೆಗೂ ಓದಿ ಆ 'ಇಗೆ' ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ.