ಸೈಕ್ಸ್ ಬರೆದ ಬಾವುಟ ಯಾರದ್ದು?

ಗಲ್ಫಿನಲ್ಲಿ ದುಡಿದು ಬಂದ ನಮ್ಮವರಿಗೆ ಕಪ್ಪು, ಹಸಿರು, ಬಿಳಿ, ಕೆಂಪು ಈ ನಾಲ್ಕು ಬಣ್ಣ ಹೊಸತಲ್ಲ. ಯುಎಇ, ಕುವೈಟ್, ಜೋರ್ಡಾನ್, ಫೆಲೆಸ್ತೀನ್ ಬಾವುಟಗಳಲ್ಲೆಲ್ಲ ಇವೇ ಇವೆ. ಇವನ್ನು ಒಟ್ಟಿಗೆ ತಂದದ್ದು ಮೊದಲ ಮಹಾಯುದ್ಧದ ಕಾಲದ ಅರಬ್ ದಂಗೆಯ ಬಾವುಟ. ಅದನ್ನು ಬರೆದವನು ಬ್ರಿಟಿಷ್ ಅಧಿಕಾರಿ ಎಂಬ ಮಾತು ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತದೆ. ಸುಳ್ಳೆನ್ನಲಾಗದು, ಆದರೆ ಕಥೆ ಅರ್ಧ.

1916ರ ಜೂನ್‌ನಲ್ಲಿ ಮಕ್ಕಾದ ಶರೀಫ್ ಹುಸೇನ್ ಉಸ್ಮಾನಿಯಾ ತುರ್ಕರ ವಿರುದ್ಧ ದಂಗೆ ಎದ್ದರು. ಬ್ರಿಟಿಷರು ಬಂದೂಕು ಕೊಟ್ಟರು, ಚಿನ್ನ ಕೊಟ್ಟರು, ಅರಬರಿಗೆ ಸ್ವಾತಂತ್ರ್ಯದ ಭರವಸೆಯನ್ನೂ ಕೊಟ್ಟರು. ಮೊದಲಿಗೆ ಶರೀಫರದ್ದು ಬರೀ ಕೆಂಪು ಬಾವುಟ. 1917ರಲ್ಲಿ ಕಪ್ಪು, ಹಸಿರು, ಬಿಳಿ ಪಟ್ಟಿಗಳ ಮೇಲೆ ಕೆಂಪು ತ್ರಿಕೋನವಿರುವ ಹೊಸದು ಬಂತು. ಅದರ ವಿನ್ಯಾಸ ಮಾರ್ಕ್ ಸೈಕ್ಸ್ ಎಂಬವರದ್ದೆಂದು ಹೇಳುತ್ತಾರೆ. ದಂಗೆಗೆ ಒಂದು ತಿಂಗಳ ಹಿಂದಷ್ಟೇ, 1916ರ ಮೇಯಲ್ಲಿ, ಅರಬ್ ನಾಡುಗಳನ್ನು ಫ್ರಾನ್ಸಿನೊಂದಿಗೆ ಹಂಚಿಕೊಳ್ಳುವ ಗುಟ್ಟಿನ ಸೈಕ್ಸ್-ಪಿಕೊ ಒಪ್ಪಂದ ಮಾಡಿದ ಅದೇ ಸೈಕ್ಸ್!

ಆದರೆ ಬಣ್ಣಗಳು ಸೈಕ್ಸ್‌ಗಿಂತ ಹಳೆಯವು. ಕಪ್ಪು ಅಬ್ಬಾಸಿಗಳದ್ದು, ಬಿಳಿ ಉಮಯ್ಯಾದವರದ್ದು, ಹಸಿರು ಫಾತಿಮಿಗಳದ್ದು, ಕೆಂಪು ಹಾಶಿಮಿಗಳದ್ದು ಎಂಬುದು ಸಾಮಾನ್ಯ ವಿವರಣೆ. ಹದಿನಾಲ್ಕನೇ ಶತಮಾನದ ಕವಿ ಸಫಿಯುದ್ದೀನ್ ಹಿಲ್ಲಿಯ ಪದ್ಯವೊಂದರಲ್ಲಿ ನಾಲ್ಕೂ ಬಣ್ಣ ಬರುತ್ತವೆ. ಯುಎಇಯಲ್ಲಿ ಹೆಚ್ಚಾಗಿ ಇದನ್ನೇ ಹೇಳುವುದು. ಯುದ್ಧಕ್ಕೆ ಮೊದಲೇ ಇಸ್ತಾಂಬುಲ್‌ನ ಅರಬ್ ಸಾಹಿತ್ಯ ಕೂಟದ ಯುವಕರು, ಬಳಿಕ ಅಲ್-ಫತಾತ್ ಎಂಬ ಗುಪ್ತ ಸಂಘದವರು ಈ ಬಣ್ಣಗಳನ್ನು ಆರಿಸಿದ್ದರೆಂದು ಅರಬರು ಹೇಳುತ್ತಾರೆ. ಆ ಕೂಟದ ಅಧ್ಯಕ್ಷ ಅಬ್ದುಲ್ ಕರೀಮ್ ಖಲೀಲ್‌ರನ್ನು 1915ರಲ್ಲಿ ಜಮಾಲ್ ಪಾಷಾ ಬೈರೂತಿನಲ್ಲಿ ಗಲ್ಲಿಗೇರಿಸಿದ. 1916ರ ಮೇ 6ರಂದು ಬೈರೂತ್, ದಮಾಸ್ಕಸ್‌ನಲ್ಲಿ ಇನ್ನಷ್ಟು ಜನ ಗಲ್ಲಿಗೇರಿದರು. ಇಷ್ಟು ತಿಳಿದ ಮೇಲೆ ಇದು ಬರೀ ಬ್ರಿಟಿಷರ ಬಾವುಟ ಎನ್ನಲು ನನಗಂತೂ ನಾಲಗೆ ಏಳುವುದಿಲ್ಲ.

ಹಾಗಂತ ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿ ಶರೀಫರಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಖಲೀಫರ ಬೆನ್ನಿಗೆ ಚೂರಿ ಹಾಕಿದವರೆಂದೇ ಖಿಲಾಫತ್ ನಾಯಕರು ಅವರನ್ನು ಕಂಡದ್ದು. 1920ರ ಆಗಸ್ಟಿನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಕಲ್ಲಿಕೋಟೆ ಮುಗಿಸಿ ಮಂಗಳೂರಿಗೆ ಬಂದದ್ದು ಖಿಲಾಫತ್ ಮತ್ತು ಅಸಹಕಾರದ ಪ್ರಚಾರಕ್ಕೆ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಅದಕ್ಕೆ ಬರೀ ಒಂದು ತಿಂಗಳ ಹಿಂದೆ, ಜುಲೈ 24ರಂದು, ಮೈಸಲೂನ್‌ನಲ್ಲಿ ಫ್ರೆಂಚರು ಸಿರಿಯಾದ ಅರಬ್ ಪಡೆಯನ್ನು ಸೋಲಿಸಿದ್ದರು. ಶರೀಫರ ಮಗ ಫೈಸಲ್ ದಮಾಸ್ಕಸ್‌ನ ಸಿಂಹಾಸನ ಕಳೆದುಕೊಂಡರು. ಖಿಲಾಫತ್‌ನವರೂ ಅರಬರೂ ಮೋಸ ಹೋದದ್ದು ಒಂದೇ ಸಾಮ್ರಾಜ್ಯಗಳ ಕೈಯಲ್ಲಿ, ಆದರೆ ಆಗ ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಿದ್ದರು.

1924ರಲ್ಲಿ ತುರ್ಕಿ ಖಿಲಾಫತನ್ನೇ ರದ್ದು ಮಾಡಿತು. ಶರೀಫರು ತಾವೇ ಖಲೀಫ ಎಂದರು. ಅದೇ ವರ್ಷ ಮಕ್ಕಾ ಇಬ್ನ್ ಸೌದ್ ಪಾಲಾಯಿತು. ಶರೀಫರು ಸೈಪ್ರಸ್‌ನಲ್ಲಿ ದೇಶಭ್ರಷ್ಟರಾಗಿದ್ದು, 1931ರಲ್ಲಿ ಅಮ್ಮಾನ್‌ನಲ್ಲಿ ತೀರಿಕೊಂಡರು. ಖಬರ್ ಜೆರುಸಲೇಮಿನಲ್ಲಿದೆ.

ಬಾವುಟ ಮಾತ್ರ ಉಳಿಯಿತು. ಪಟ್ಟಿಗಳ ಕ್ರಮ ಬದಲಿಸಿ 1964ರಲ್ಲಿ ಫೆಲೆಸ್ತೀನಿನ ವಿಮೋಚನಾ ಸಂಘಟನೆ ಅದನ್ನು ತನ್ನದಾಗಿಸಿಕೊಂಡಿತು. 1967ರ ನಂತರ ಇಸ್ರೇಲ್ ಆಕ್ರಮಿಸಿದ ಊರುಗಳಲ್ಲಿ 1993ರವರೆಗೂ ಅದನ್ನು ಹಾರಿಸುವಂತಿರಲಿಲ್ಲ. ಅಲ್ಲಿ ಬಟ್ಟೆ ಹೊಲಿದು ಅಡಗಿಸಿಟ್ಟವರು ಯಾರೂ ಸೈಕ್ಸ್‌ನನ್ನು ನೆನೆದಿರಲಿಕ್ಕಿಲ್ಲ.