ಚಾರಬಾಟಿಯಾ: ಯುದ್ಧಕಾಲದ ಒಂದು ವಿಮಾನನೆಲೆಯ ಎರಡನೆಯ ಬದುಕು

ಒಡಿಶಾದ ಕಟಕ ನಗರದ ಉತ್ತರಕ್ಕೆ, ಮಹಾನದಿಯ ಆಚೆಯ ದಡದಲ್ಲಿ ಚೌದ್ವಾರವೆಂಬ ಊರಿದೆ. ಅದರ ಸಮೀಪದ ಚಾರಬಾಟಿಯಾದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನನೆಲೆಯಿದೆ. ಯುದ್ಧ ಮುಗಿದ ಮೇಲೆ ಪಾಳುಬಿದ್ದಿದ್ದ ಈ ನೆಲೆ 1963ರ ನಂತರ ಭಾರತದ ವೈಮಾನಿಕ ಗುಪ್ತಚರ್ಯೆಯ ಕೇಂದ್ರಗಳಲ್ಲಿ ಒಂದಾಗಿ ಮಾರ್ಪಟ್ಟಿತು. ಈ ಮಾರ್ಪಾಡಿನ ಬಗೆಗೆ ಪತ್ರಿಕೆಗಳಲ್ಲಿ ಆಗಾಗ ಬರೆಹಗಳು ಪ್ರಕಟವಾಗಿವೆ. ಆದರೆ ಅವುಗಳಲ್ಲಿ ಬಹುಪಾಲು ಅಮೆರಿಕದ ಯು-2 ವಿಮಾನದ ಕಥೆಯಷ್ಟರಲ್ಲೇ ಮುಗಿದುಹೋಗುತ್ತವೆ. ಲಭ್ಯವಿರುವ ಕಾಲಾನುಕ್ರಮವನ್ನು ಎಚ್ಚರದಿಂದ ಓದಿದರೆ ಆ ಕಥೆ ನೆಲೆಯ ಇತಿಹಾಸದ ಅತ್ಯಂತ ಚಿಕ್ಕ ಅಧ್ಯಾಯವೆಂಬುದು ತಿಳಿದುಬರುತ್ತದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1942ರ ಮಾರ್ಚ್‌ನಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ಅಲ್ಲಿಂದ ಮುಂದೆ ಭಾರತದ ಪೂರ್ವ ಕರಾವಳಿ ಯುದ್ಧದ ಹಿನ್ನೆಲೆಯಾಗಿರದೆ ಅದರ ಅಂಚೇ ಆಯಿತು. ಬಂಗಾಳ, ಬಿಹಾರ, ಒಡಿಶಾ, ಅಸ್ಸಾಮುಗಳಲ್ಲಿ ಬೆನ್ನುಬೆನ್ನಿಗೆ ವಿಮಾನನೆಲೆಗಳು ಎದ್ದವು. ಖರಗ್‌ಪುರ, ಚಾಕುಲಿಯಾ, ದೂಧ್‌ಕುಂಡಿಗಳಿಂದ ಅಮೆರಿಕದ ಬೃಹತ್ ಬಾಂಬರುಗಳು ಹಾರಿದವು. ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯೂ ಇದೇ ಕಾಲದಲ್ಲಿ ಅಮೆರಿಕನ್ನರ ದುರಸ್ತಿ ಕೇಂದ್ರವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಬೆಂಗಳೂರಿಗೆ ಸ್ವಾತಂತ್ರ್ಯಾನಂತರವೂ ಒಂದು ಉದ್ಯಮವಿತ್ತು. ಪೂರ್ವದ ಅನೇಕ ನೆಲೆಗಳಿಗೆ ಅಂಥ ಆಧಾರವಿರಲಿಲ್ಲ. ಶತ್ರು ಸೋತೊಡನೆ ಅವುಗಳ ಅಗತ್ಯವೂ ತೀರಿತು. ಚಾರಬಾಟಿಯಾ ಅಂಥವುಗಳಲ್ಲಿ ಒಂದು.

ಈ ನೆಲೆಯ ಎರಡನೆಯ ಬದುಕಿನ ಬಗೆಗೆ ನಮಗೆ ದೊರೆತಿರುವ ಮುಖ್ಯ ಲಿಖಿತ ಆಧಾರ ಭಾರತದ್ದಲ್ಲ. ಅಮೆರಿಕದ ಕೇಂದ್ರೀಯ ಗುಪ್ತಚರ ಸಂಸ್ಥೆಯಾದ ಸಿ.ಐ.ಎ. ತನ್ನ ಯು-2 ಯೋಜನೆಯ ಇತಿಹಾಸವನ್ನು ಗ್ರೆಗರಿ ಪೆಡ್ಲೋ ಮತ್ತು ಡೊನಾಲ್ಡ್ ವೆಲ್ಜೆನ್‌ಬಾಕ್ ಎಂಬ ಇಬ್ಬರು ಇತಿಹಾಸಕಾರರಿಂದ ಆಂತರಿಕ ಬಳಕೆಗಾಗಿ ಬರೆಸಿತು. 1992ರಲ್ಲಿ ಸಿದ್ಧವಾದ ಈ ಗ್ರಂಥದ ಕೆಲವು ಭಾಗಗಳು 1998ರಲ್ಲಿ ಹೊರಬಂದವು. ಹಿಂದೆ ಅಳಿಸಲಾಗಿದ್ದ ಬಹಳಷ್ಟು ಪುಟಗಳು 2013ರ ಆಗಸ್ಟ್‌ನಲ್ಲಿ ಬಹಿರಂಗವಾದವು. ಭಾರತದ ಪತ್ರಿಕೆಗಳು ಚಾರಬಾಟಿಯಾದ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ್ದು ಆ ವರ್ಷ. ಗ್ರಂಥವು ಶಿಸ್ತಿನಿಂದ ಕೂಡಿದೆ, ನಿಜ. ಆದರೆ ಅದು ಒಂದು ಸಂಸ್ಥೆ ತನ್ನ ಬಗ್ಗೆ ತಾನೇ ಬರೆಸಿಕೊಂಡ ಇತಿಹಾಸ. ಆತಿಥೇಯನ ಮನೆಯ ಬಗೆಗೆ ಅತಿಥಿ ಬರೆದ ಟಿಪ್ಪಣಿಯನ್ನು ಓದುವ ಎಚ್ಚರದಿಂದಲೇ ಅದನ್ನು ಓದಬೇಕಾಗುತ್ತದೆ.

ಮೊದಲಿಗೆ ದಿನಾಂಕಗಳನ್ನು ಗಮನಿಸೋಣ. ಚೀನದ ಆಕ್ರಮಣ ಆರಂಭವಾದದ್ದು 1962ರ ಅಕ್ಟೋಬರ್ 20ರಂದು. ನವೆಂಬರ್ 11ರಂದು ಪ್ರಧಾನಿ ಜವಾಹರಲಾಲ್ ನೆಹರೂ ಗಡಿಪ್ರದೇಶದ ಮೇಲೆ ಯು-2 ಹಾರಾಟಕ್ಕೆ ಅನುಮತಿ ನೀಡಿದರು. ಅಮೆರಿಕದ ಯುದ್ಧವಿಮಾನಗಳನ್ನು ಕೋರಿ ಅವರು ಕೆನಡಿಗೆ ಎರಡು ಪತ್ರಗಳನ್ನು ಬರೆದದ್ದು ನವೆಂಬರ್ 19ರಂದು, ಸೇಲಾ ಮತ್ತು ಬೊಮ್ದಿಲಾಗಳು ಕೈಬಿಟ್ಟ ಗಳಿಗೆಯಲ್ಲಿ. ಎರಡೇ ದಿನಗಳಲ್ಲಿ ಚೀನ ತಾನಾಗಿಯೇ ಕದನವಿರಾಮ ಪಾಲಿಸಿತು. ಈ ಎಲ್ಲವನ್ನೂ ಒಂದೇ ಆತಂಕದ ಫಲವೆಂದು ಒಟ್ಟಾಗಿ ಹೇಳುವ ರೂಢಿ ಬೆಳೆದುಬಂದಿದೆ. ವಾಸ್ತವದಲ್ಲಿ ಹಾರಾಟದ ಅನುಮತಿ ಆ ಕಡುಕಷ್ಟದ ವಾರಕ್ಕಿಂತ ಮೊದಲಿನದು. ನೆಲೆಯನ್ನು ಕೊಡುವ ಮಾತು ಅದಕ್ಕಿಂತ ಆರು ತಿಂಗಳು ಈಚಿನದು. ಬೊಮ್ದಿಲಾದ ದಿಗಿಲು ಪತ್ರಗಳನ್ನು ವಿವರಿಸಬಲ್ಲುದು, ಚಾರಬಾಟಿಯಾವನ್ನು ವಿವರಿಸಲಾರದು. ನೆಲೆಯ ತೀರ್ಮಾನ ಫಿರಂಗಿಗಳು ಮೌನವಾದ ಮೇಲೆ, ಯೋಚಿಸಲು ಬಿಡುವಿದ್ದಾಗ ಆದದ್ದು. ಅಲಿಪ್ತ ನೀತಿಯ ಚರ್ಚೆಯಲ್ಲಿ ಈ ವ್ಯತ್ಯಾಸಕ್ಕೆ ಸಲ್ಲಬೇಕಾದ ತೂಕ ಇನ್ನೂ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಈ ಆರು ತಿಂಗಳಲ್ಲಿ ನಡೆದುದೇನು? ಥಾಯ್ಲೆಂಡಿನ ತಾಖ್ಲಿ ನೆಲೆಯಿಂದ ಹಾರಿದ ಯು-2 ವಿಮಾನಗಳು ಟಿಬೆಟ್ಟಿನ ಚಿತ್ರಗಳನ್ನು ತೆಗೆದವು. ಚಿತ್ರಗಳನ್ನು ನೆಹರೂ ಅವರಿಗೆ ತೋರಿಸಲಾಯಿತು. ಚೀನೀ ಸೈನ್ಯದ ಜಮಾವಣೆಯ ಕುರಿತು ಅವರು ಸಂಸತ್ತಿನಲ್ಲಿ ಮಾತನಾಡಿದರೂ ಮಾಹಿತಿಯ ಮೂಲವನ್ನು ಹೇಳಲಿಲ್ಲ. 1963ರ ಏಪ್ರಿಲ್‌ನಲ್ಲಿ ರಾಯಭಾರಿ ಜಾನ್ ಕೆನೆತ್ ಗಾಲ್‌ಬ್ರೆತ್ ಭಾರತದಲ್ಲಿ ಒಂದು ನೆಲೆ ಬೇಕೆಂದು ಅಧಿಕೃತವಾಗಿ ಕೇಳಿದರು. ಜೂನ್ 3ರಂದು ವಾಷಿಂಗ್ಟನ್ನಿನಲ್ಲಿ ಕೆನಡಿ ಇದೇ ವಿಷಯವನ್ನು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಅವರ ಮುಂದಿಟ್ಟರು. ಆ ಭೇಟಿಯ ಫಲವಾಗಿ ಚಾರಬಾಟಿಯಾವನ್ನು ‘ಭಾರತ ಕೊಡಮಾಡಿತು’ ಎಂಬ ಅರ್ಥದ ಮಾತು ಗ್ರಂಥದಲ್ಲಿದೆ. ಏಪ್ರಿಲ್‌ನ ಕೋರಿಕೆ ಜೂನ್ ಹೊತ್ತಿಗೆ ಕೊಡುಗೆಯಾಗಿ ದಾಖಲಾಗಿರುವುದನ್ನು ಸಂಶೋಧಕರು ಕಡೆಗಣಿಸಬಾರದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಪ್ರಾಧ್ಯಾಪಕರ ಹೆಸರು ಬೇಹುಗಾರಿಕೆಯ ಇತಿಹಾಸದಲ್ಲಿ ಕಾಣಿಸಿಕೊಳ್ಳುವುದು ಕನ್ನಡ ಓದುಗರಿಗೆ ಸೋಜಿಗವೆನಿಸೀತು. ಆದರೆ ನಮ್ಮ ಸಂವಿಧಾನದಲ್ಲಿ ಇಂಥ ತೀರ್ಮಾನ ರಾಷ್ಟ್ರಪತಿಯದಲ್ಲ, ಸರ್ಕಾರದ್ದು. ಆ ಗ್ರಂಥದ ವಾಕ್ಯ ಭೇಟಿಯನ್ನು ಮಾತ್ರ ಹೇಳುತ್ತದೆ. ದೆಹಲಿಯಲ್ಲಿ ನಡೆದ ಸಮಾಲೋಚನೆ ಅದರ ದೃಷ್ಟಿಗೆ ಬಿದ್ದಿಲ್ಲ.

ನೆಲೆ ದೊರೆತರೂ ಅದು ಬಳಕೆಗೆ ಯೋಗ್ಯವಾಗಿರಲಿಲ್ಲ. ಯು-2 ಸಾಮಾನ್ಯ ವಿಮಾನವಲ್ಲ: ಸುಮಾರು 80 ಅಡಿ ಅಗಲದ ರೆಕ್ಕೆ, ಸೈಕಲ್ಲಿನಂತೆ ಒಂದರ ಹಿಂದೊಂದು ಗಾಲಿ, 70,000 ಅಡಿ ಎತ್ತರದಲ್ಲಿಯೂ ಆವಿಯಾಗದ ವಿಶೇಷ ಇಂಧನ. ಹದಿನೆಂಟು ವರ್ಷ ಆರೈಕೆಯಿಲ್ಲದೆ ಬಿದ್ದಿದ್ದ ಓಡುದಾರಿ ಇದಕ್ಕೆ ಒಗ್ಗುವಂತಿರಲಿಲ್ಲ. ದುರಸ್ತಿಯ ಹೊಣೆ ಭಾರತೀಯರದು. ಅದು ನಿರೀಕ್ಷೆಗಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ವಿಮಾನಗಳು ತಾಖ್ಲಿಯಿಂದಲೇ ಹಾರುತ್ತಿದ್ದವು. 1963ರ ನವೆಂಬರ್‌ನ ಒಂದು ಹಾರಾಟ 11 ಗಂಟೆ 45 ನಿಮಿಷ ನಡೆಯಿತು. ಚಾಲಕ ಎಷ್ಟು ಬಳಲಿದನೆಂದರೆ ಮುಂದಿನ ಹಾರಾಟಗಳಿಗೆ 10 ಗಂಟೆಯ ಮಿತಿ ಹಾಕಬೇಕಾಯಿತು. ನೆಲೆಯ ಬೇಡಿಕೆಯ ಹಿಂದೆ ಇದ್ದದ್ದು ದೂರದ ಈ ಲೆಕ್ಕಾಚಾರ.

ಚಾರಬಾಟಿಯಾದಿಂದ ಮೊದಲ ಯು-2 ಮೇಲೇರಿದ್ದು 1964ರ ಮೇ 24ರಂದು. ಮೂರು ದಿನಗಳ ತರುವಾಯ, ಮೇ 27ರಂದು, ನೆಹರೂ ತೀರಿಕೊಂಡರು. ಹಾರಾಟಗಳನ್ನು ಮುಂದೂಡಲಾಯಿತು; ಚಾಲಕರೂ ವಿಮಾನಗಳೂ ಹಿಂದಿರುಗಿದರು; ಸಾಗಣೆಯ ವೆಚ್ಚ ಉಳಿಸಲು ಸಲಕರಣೆಗಳನ್ನು ಅಲ್ಲೇ ಬಿಡಲಾಯಿತು. ಲಾಲ್ ಬಹಾದುರ್ ಶಾಸ್ತ್ರಿಯವರ ಕಾಲದಲ್ಲಿ, ಆ ವರ್ಷದ ಡಿಸೆಂಬರ್‌ನಲ್ಲಿ, ಗಡಿಯಲ್ಲಿ ಮತ್ತೆ ಬಿಗುವು ಕಾಣಿಸಿಕೊಂಡಾಗ ಮೂರು ಹಾರಾಟಗಳು ನಡೆದವು. ಅಷ್ಟರಲ್ಲಿ ತಾಖ್ಲಿಯೇ ಮುಖ್ಯ ನೆಲೆಯಾಗಿ ಸ್ಥಿರಪಟ್ಟಿತ್ತು. 1967ರ ಜುಲೈನಲ್ಲಿ ಅಮೆರಿಕನ್ನರು ಚಾರಬಾಟಿಯಾದ ತಮ್ಮ ವ್ಯವಸ್ಥೆಯನ್ನು ಮುಚ್ಚಿದರು. ನಾಲ್ಕು ವರ್ಷಗಳ ಈ ಅವಧಿಯಲ್ಲಿ ಚಾರಬಾಟಿಯಾದಿಂದಲೇ ಹೊರಟವೆಂದು ಆ ಗ್ರಂಥ ಸ್ಪಷ್ಟವಾಗಿ ಹೆಸರಿಸುವ ಹಾರಾಟಗಳು ನಾಲ್ಕು. ಚೀನದ ಮೊದಲ ಪರಮಾಣು ಸ್ಫೋಟ 1964ರ ಅಕ್ಟೋಬರ್ 16ರಂದು ಲೋಪ್‌ನೊರ್‌ನಲ್ಲಿ ನಡೆದುದರಿಂದ, ಡಿಸೆಂಬರ್‌ನ ಹಾರಾಟಗಳು ಅದರ ಬೆನ್ನುಹತ್ತಿ ನಡೆದವೆಂದು ಕೆಲವರು ಬರೆದಿದ್ದಾರೆ. ಗ್ರಂಥ ಹೇಳುವುದು ಭಾರತ-ಚೀನ ಗಡಿಯನ್ನು ಮಾತ್ರ. ಎರಡು ತಿಂಗಳ ಸಾಮೀಪ್ಯವನ್ನು ಕಾರ್ಯಕಾರಣ ಸಂಬಂಧವೆಂದು ತಿಳಿಯುವುದು ತರವಲ್ಲ.

ಹಾಗಾದರೆ ನೆಲೆಯನ್ನು ಬದುಕಿಸಿದವರು ಯಾರು? ಇದಕ್ಕೆ ಉತ್ತರ ಒಡಿಶಾದಲ್ಲಿಯೇ ಇದೆ. 1961ರಿಂದ 1963ರವರೆಗೆ ಮುಖ್ಯಮಂತ್ರಿಯಾಗಿದ್ದ ಬಿಜು ಪಟ್ನಾಯಕ್ ಸ್ವತಃ ವಿಮಾನಚಾಲಕರು. 1947ರಲ್ಲಿ ಡಚ್ಚರ ಕಣ್ಣುತಪ್ಪಿಸಿ ಇಂಡೊನೇಷ್ಯಾದ ನಾಯಕ ಸುತಾನ್ ಶಹ್ರೀರರನ್ನು ವಿಮಾನದಲ್ಲಿ ಕರೆತಂದ ಸಾಹಸಿ. ಅವರ ಕಳಿಂಗ ಏರ್‌ಲೈನ್ಸ್ 1950ರ ದಶಕದಲ್ಲಿ ಈಶಾನ್ಯ ಗಡಿಪ್ರದೇಶದ ದುರ್ಗಮ ಠಾಣೆಗಳಿಗೆ ಆಕಾಶದಿಂದ ದವಸಧಾನ್ಯ ಉದುರಿಸುತ್ತಿತ್ತು. ಚೌದ್ವಾರದಲ್ಲಿ ಅವರ ಉದ್ಯಮಗಳಿದ್ದವು. ಗಡಿ, ವಿಮಾನ, ಚೌದ್ವಾರ ಈ ಮೂರನ್ನೂ ಒಂದೇ ಕೈಯಲ್ಲಿ ಬಲ್ಲ ರಾಜಕಾರಣಿ ಆಗ ಬೇರೊಬ್ಬರಿರಲಿಲ್ಲ. ಯುದ್ಧಾನಂತರ ನೆಹರೂ ಅವರ ರಕ್ಷಣಾ ಸಮಾಲೋಚನೆಗಳಲ್ಲಿ ಅವರಿಗೆ ಸ್ಥಾನ ಸಿಕ್ಕಿದ್ದು ಆಕಸ್ಮಿಕವಲ್ಲ.

1963ರಲ್ಲಿ ಬಿ.ಎನ್. ಮಲ್ಲಿಕ್ ನೇತೃತ್ವದ ಗುಪ್ತಚರ ಇಲಾಖೆಯ ಆಶ್ರಯದಲ್ಲಿ ವೈಮಾನಿಕ ಸಂಶೋಧನ ಕೇಂದ್ರ ಹುಟ್ಟಿತು. ಹೆಸರಿನಲ್ಲಿ ಸಂಶೋಧನೆ, ಕೆಲಸ ವೈಮಾನಿಕ ಛಾಯಾಚಿತ್ರಣ, ವಿದ್ಯುನ್ಮಾನ ಸಂಕೇತಗಳ ಸಂಗ್ರಹ ಮತ್ತು ಗುಪ್ತ ಸಾಗಣೆ. ಅದರ ಮೊದಲ ಮುಖ್ಯಸ್ಥರು ಆರ್.ಎನ್. ಕಾವ್. ಅಮೆರಿಕ ಒದಗಿಸಿದ್ದು ಯು-2ಗಳನ್ನಲ್ಲ, ಸಿ-46 ಎಂಬ ಹಳೆಯ ಸಾಗಣೆ ವಿಮಾನಗಳನ್ನು ಮತ್ತು ಮೋಟು ಓಡುದಾರಿಯಲ್ಲೂ ಇಳಿಯಬಲ್ಲ ಹೀಲಿಯೊ ಕೊರಿಯರ್ ಎಂಬ ಸಣ್ಣ ವಿಮಾನಗಳನ್ನು. 1962ರ ನವೆಂಬರ್‌ನಲ್ಲಿ ಟಿಬೆಟನ್ ನಿರಾಶ್ರಿತರಿಂದ ಕಟ್ಟಿದ ವಿಶೇಷ ಗಡಿ ದಳಕ್ಕೆ ಈ ವಿಮಾನಗಳೇ ರೆಕ್ಕೆಯಾದವು. ಸಹಾರನ್‌ಪುರದ ಸಮೀಪದ ಸರ್ಸಾವಾದಲ್ಲಿ, ಅಸ್ಸಾಮಿನ ಡೂಮ್‌ಡೂಮಾದಲ್ಲಿ ಕೇಂದ್ರದ ಇತರ ನೆಲೆಗಳು ಬೆಳೆದವು. 1968ರ ಸೆಪ್ಟೆಂಬರ್‌ನಲ್ಲಿ ಹೊರದೇಶಗಳ ಗುಪ್ತಚರ್ಯೆಗೆ ‘ರಾ’ ಎಂಬ ಪ್ರತ್ಯೇಕ ಸಂಸ್ಥೆ ಸ್ಥಾಪನೆಯಾದಾಗ ಅದರ ಮುಖ್ಯಸ್ಥರಾದವರೂ ಕಾವ್ ಅವರೇ. ವೈಮಾನಿಕ ಕೇಂದ್ರವೂ ಅವರ ಹಿಡಿತಕ್ಕೆ ಬಂದಿತು. ಅಮೆರಿಕನ್ನರು ಹೊರಟುಹೋಗಿ ಆಗ ವರ್ಷ ಕಳೆದಿತ್ತು. ನೆಲೆ ಮುಚ್ಚಲಿಲ್ಲ.

ಪೇಶಾವರದ ನಿದರ್ಶನ ಇಲ್ಲಿ ಉಪಯುಕ್ತ. 1960ರ ಮೇ 1ರಂದು ಸೋವಿಯೆತ್ ನೆಲದ ಮೇಲೆ ಉರುಳಿದ ಗ್ಯಾರಿ ಪವರ್ಸನ ಯು-2 ಹೊರಟದ್ದು ಅಲ್ಲಿಂದ. ಸಮೀಪದ ಬಡಾಬೇರ್‌ನ ಆಲಿಸುವ ಕೇಂದ್ರವನ್ನು ಪಾಕಿಸ್ತಾನ 1959ರಲ್ಲಿ ಹತ್ತು ವರ್ಷದ ಒಪ್ಪಂದದ ಮೇಲೆ ಅಮೆರಿಕಕ್ಕೆ ಕೊಟ್ಟಿತ್ತು. ಒಪ್ಪಂದ ನವೀಕರಣಗೊಳ್ಳದೆ ಅಮೆರಿಕನ್ನರು ಹೊರಟಾಗ ಕೇಂದ್ರದ ಕೆಲಸವೂ ಅವರೊಂದಿಗೇ ಮುಗಿಯಿತು. ಚಾರಬಾಟಿಯಾದಲ್ಲಿ ಆದದ್ದು ಇದರ ವಿಲೋಮ. ವಿದೇಶೀ ನೆರವು ಪಡೆದದ್ದರಿಂದ ಅಲಿಪ್ತತೆಗೆ ಧಕ್ಕೆಯಾಯಿತೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಂಸತ್ತಿಗೆ ತಿಳಿಸದೆ ಮಾಡಿದ್ದು ಸರಿಯೆ ಎಂಬುದು ಅದಕ್ಕಿಂತ ಗಂಭೀರವಾದದ್ದು. ಆದರೆ ಉಳಿದುಕೊಂಡದ್ದು ಯಾರ ಸಂಸ್ಥೆ ಎಂಬುದನ್ನು ಬಿಟ್ಟು ಈ ಪ್ರಶ್ನೆಗಳಿಗೆ ಉತ್ತರ ಹೇಳಲಾಗದು.

ಉತ್ತರ ಹೇಳುವುದಕ್ಕೆ ನಮ್ಮ ಕಡತಗಳು ಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಹಳೆಯ ಕಡತಗಳನ್ನು ರಾಷ್ಟ್ರೀಯ ಅಭಿಲೇಖಾಲಯಕ್ಕೆ ತರುವ ದಾರಿ ತೋರಿಸಿತಾದರೂ ಗೋಪ್ಯವೆಂದು ವರ್ಗೀಕರಿಸಿದವುಗಳಿಗೆ ಅದು ಅನ್ವಯಿಸದು. 2005ರ ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಿದೆ; ಅದರಲ್ಲಿ ವೈಮಾನಿಕ ಸಂಶೋಧನ ಕೇಂದ್ರದ ಹೆಸರೂ ವಿಶೇಷ ಗಡಿ ದಳದ ಹೆಸರೂ ಸೇರಿವೆ. ಇದರ ಪರಿಣಾಮ ವಿಚಿತ್ರವಾದದ್ದು: ನಾಲ್ಕು ಹಾರಾಟ ನಡೆಸಿದವರ ದಿನಾಂಕಗಳು ನಮ್ಮ ಕೈಯಲ್ಲಿವೆ, ದಶಕಗಳ ಕಾಲ ಅಲ್ಲಿ ದುಡಿದವರದು ಇಲ್ಲ. ಮಲ್ಲಿಕ್ 1971ರಲ್ಲಿ ಪ್ರಕಟಿಸಿದ ನೆನಪುಗಳು, ‘ರಾ’ದಲ್ಲಿದ್ದ ಬಿ. ರಾಮನ್ 2007ರಲ್ಲಿ ಬರೆದ ಪುಸ್ತಕ ಇವು ಸ್ವಲ್ಪಮಟ್ಟಿಗೆ ಕೊರತೆ ತುಂಬಿದರೂ ಸ್ಮೃತಿ ಕಡತವಾಗಲಾರದು. ಸದ್ಯಕ್ಕೆ ಸಂಶೋಧಕರು ಹುಡುಕಬೇಕಾದದ್ದು ಗೋಪ್ಯವಲ್ಲದ ಕಡೆಗಳಲ್ಲಿ. ಓಡುದಾರಿ ವಿಸ್ತರಿಸಬೇಕಾದರೆ ಭೂಮಿ ಬೇಕು, ಕಲ್ಲು ಬೇಕು, ಗುತ್ತಿಗೆ ಬೇಕು, ರಸ್ತೆ ಬೇಕು. ಕಟಕ ಜಿಲ್ಲೆಯ ಕಂದಾಯ ದಾಖಲೆಗಳು, ಒಡಿಶಾ ವಿಧಾನಸಭೆಯ ನಡವಳಿಗಳು ಮತ್ತು 1919ರಲ್ಲಿ ಗೋಪಬಂಧು ದಾಸರು ಆರಂಭಿಸಿದ ‘ಸಮಾಜ’ ಪತ್ರಿಕೆಯ 1963-67ರ ಸಂಚಿಕೆಗಳನ್ನು ಈ ದೃಷ್ಟಿಯಿಂದ ಓದುವ ಕೆಲಸವನ್ನು ಒಡಿಯಾ ಬಲ್ಲ ಸಂಶೋಧಕರೊಬ್ಬರು ಕೈಗೆತ್ತಿಕೊಳ್ಳಬೇಕಾಗಿದೆ.